ಒದ್ದೆ ಸೊಪ್ಪು

ಚಿನ್ನಿಯ ಹೊಟ್ಟೆಯ ಚರ್ಮವನ್ನು ಅಜ್ಜಿ ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಳು; ಅದು ಕೂಡಲೇ ಕೆಳಗಿಳಿಯಲಿಲ್ಲ. ಹಿಂಡಿದ ಬಟ್ಟೆಯ ನೆರಿಗೆಯಂತೆ ಹೊಕ್ಕುಳ ಪಕ್ಕದಲ್ಲಿ ಹಾಗೇ ನಿಂತಿತ್ತು. ಆಮೇಲೆ ನಿಧಾನವಾಗಿ ಮಟ್ಟವಾಯಿತು. ಅಜ್ಜಿ ಇನ್ನೊಮ್ಮೆ ಎತ್ತಿ ನೋಡಿದಳು. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಅವಳ ಬೆರಳ ತುದಿಗಳು ಕಪ್ಪಗಾಗಿದ್ದವು.

"ಸಪ್ಪೆ ಆಗವ್ಳೆ," ಅಂದಳು. "ಒಳಗೆಲ್ಲ ನೀರು ತುಂಬ್ಕಂಡೈತೆ. ಇವತ್ತಿಂದ ಇವಳಿಗೆ ನೀರು ಬ್ಯಾಡ."

ಚಿನ್ನಿ ನನ್ನ ತಂಗಿ. ಆಗಷ್ಟೇ ಗೋಡೆ ಬಿಟ್ಟು ನಡೆಯಲು ಕಲಿತಿದ್ದಳು. ನಾನು ನಾಲ್ಕನೇ ತರಗತಿಯಲ್ಲಿದ್ದೆ. ಸಪ್ಪೆ ಅನ್ನುವುದು ರೇಷ್ಮೆ ಹುಳಕ್ಕೆ ಬರುವ ರೋಗದ ಹೆಸರು. ಆ ರೋಗ ಬಂದ ಹುಳ ಸೊಪ್ಪು ಬಿಡುತ್ತದೆ, ಮೈ ಸಡಿಲವಾಗುತ್ತದೆ, ಕಾಳಿನಂತೆ ಗಟ್ಟಿಯಾಗಿ ಬೀಳಬೇಕಾದ ಹಿಕ್ಕೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಮಗುವಿಗೂ ಹುಳಕ್ಕೂ ಒಂದೇ ಮಾತು ಬಳಸಿದ್ದು ನಮಗ್ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಹಸಿವು, ಜ್ವರ, ಹಣ್ಣಾಗುವುದು ಎಲ್ಲವೂ ಮೊದಲು ಹುಳದ ಮಾತುಗಳು. ಮನುಷ್ಯರು ಅವನ್ನು ಆಮೇಲೆ ಎರವಲು ತೆಗೆದುಕೊಂಡವರು.

ಅಕ್ಕೂರಿನ ಕಡೆಯ ನಮ್ಮ ಮನೆಯಲ್ಲಿ ಅತಿ ದೊಡ್ಡ ಕೋಣೆ ಹುಳದ್ದು. ಮನೆಗಿದ್ದ ಒಂದೇ ಫ್ಯಾನು ಅಲ್ಲಿ ತಿರುಗುತ್ತಿತ್ತು. ಗಾಳಿ ಚೆನ್ನಾಗಿ ಆಡುವ ಎರಡು ಕಿಟಕಿಗಳೂ ಅಲ್ಲೇ ಇದ್ದವು. ನಾವು ಐವರು ಅಡುಗೆಮನೆಯಲ್ಲೂ ಅದರ ಮುಂದಿನ ಓಣಿಯಂಥ ಜಾಗದಲ್ಲೂ ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಜಗಳವಾಡುತ್ತಿದ್ದೆವು. ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೇಸಿನ್ ಇರುತ್ತಿತ್ತು. ಕೈ ಅದ್ದದೆ, ಕಾಲು ಒರೆಸದೆ ಒಳಗೆ ಹೋದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಅದೇ ಕೈಯಲ್ಲಿ ಹಟ್ಟಿ ಗುಡಿಸಿ, ಮಗುವಿನ ಬಟ್ಟೆ ತೊಳೆದು, ಅಡುಗೆಮನೆಗೆ ಬಂದು ಮುದ್ದೆ ಮುರಿದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬೇಸಿನ್ ಇರಲಿಲ್ಲ.

ಅಜ್ಜಿಯ ಕಣ್ಣು ಸುತ್ತಲಿನ ಹಳ್ಳಿಗಳಿಗೂ ಗೊತ್ತಿತ್ತು. ಬೇರೆಯವರ ಮನೆಯಲ್ಲಿ ಹುಳ ಮಂಕಾದರೆ ಅವಳನ್ನು ಕರೆಸುತ್ತಿದ್ದರು. ಹುಳದ ತಟ್ಟೆಯ ಮೇಲೆ ಬಗ್ಗಿ, ಹಿಕ್ಕೆಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಹುಳವನ್ನು ಬೆರಳ ನಡುವೆ ಮೃದುವಾಗಿ ಒತ್ತಿ, ಇದು ಹಾಲುಹುಳ, ಇದು ಸುಣ್ಣಕಟ್ಟು, ಇದು ಸಪ್ಪೆ ಎಂದು ಬೇರೆ ಮಾಡಿ ಹೇಳುತ್ತಿದ್ದಳು. ಸಪ್ಪೆಗೆ ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಸೊಪ್ಪು ಒದ್ದೆಯಿತ್ತಾ? ಮಳೆಯಲ್ಲಿ ಕೊಯ್ದ ಸೊಪ್ಪನ್ನು ಒಣಗಿಸದೆ ಹಾಕಿದರೆ ಹುಳಕ್ಕೆ ಭೇದಿಯಾಗುತ್ತದೆ. ಹಾಗಾದಾಗ ಸೊಪ್ಪು ನಿಲ್ಲಿಸಿ, ಹುಳದ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟು ಒಣಗಿಸಬೇಕು. ಒಣಗಿದರೆ ಉಳಿಯುತ್ತವೆ. ಅವಳು ಹೇಳಿದ ಹಾಗೆ ಮಾಡಿದವರ ಬೆಳೆ ಎಷ್ಟೋ ಸಲ ಉಳಿದದ್ದನ್ನು ನಾನೇ ನೋಡಿದ್ದೇನೆ. ಅವಳ ಮಾತಿಗೆ ಮನೆಯಲ್ಲಿ ಇದ್ದ ತೂಕ ಸುಳ್ಳು ತೂಕವಲ್ಲ.

ಮನುಷ್ಯರ ಭೇದಿಯನ್ನೂ ಅವಳು ಹೀಗೇ ವಿಂಗಡಿಸುತ್ತಿದ್ದಳು. ರಕ್ತ, ಲೋಳೆ ಕಂಡರೆ ಆಮಶಂಕೆ. ಅದಕ್ಕೆ ಮಾತ್ರ ಅವಳು ತಡಮಾಡದೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತಿದ್ದಳು. ಉಳಿದವಕ್ಕೆ ಕಾರಣ ಹುಡುಕುವಾಗ ಅವಳ ಕಣ್ಣು ಹೊಟ್ಟೆಯನ್ನು ಬಿಟ್ಟು ಆ ಮನುಷ್ಯನ ಮೇಲೆ ಬೀಳುತ್ತಿತ್ತು. ಇದು ನನಗೆ ಅರ್ಥವಾದದ್ದು ತುಂಬಾ ತಡವಾಗಿ. ಆ ವಾರ ಅಪ್ಪನಿಗೂ ಹೊಟ್ಟೆ ಕೆಟ್ಟಿತ್ತು. ಅಪ್ಪ ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬಂದಿದ್ದ, ಹಾಗಾಗಿ ಅವನದು ಹೋಟೆಲಿನ ಪರೋಟದ ಭೇದಿ. ಚಿನ್ನಿಯದು ಮೊದಲು ಹಲ್ಲಿನ ಭೇದಿ. ಅದು ನಿಲ್ಲದಿದ್ದಾಗ ದೃಷ್ಟಿಯ ಭೇದಿ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೂ ನಿಲ್ಲದಿದ್ದಾಗ ತಾಯಿಹಾಲಿನ ಭೇದಿ. ಅಮ್ಮನದಕ್ಕೆ ಹೆಸರೇ ಬೀಳಲಿಲ್ಲ, ಯಾಕೆಂದರೆ ಅಮ್ಮ ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳು ಚೊಂಬು ಹಿಡಿದು ಹಿತ್ತಿಲ ಕಡೆಗೆ ಮತ್ತೆ ಮತ್ತೆ ಹೋಗುವುದು ನನಗೆ ಕಾಣುತ್ತಿತ್ತು. ಯಾಕಮ್ಮ ಎಂದು ಕೇಳಿದರೆ, "ಸುಮ್ನಿರು, ದನಕ್ಕೆ ನೀರಿಟ್ಟು ಬಂದೆ" ಎನ್ನುತ್ತಿದ್ದಳು. ದನ ಆ ಕಡೆ ಇರಲಿಲ್ಲ.

ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ, ಗೂಡು ಕಟ್ಟುವವರೆಗಿನ ಆ ಕೊನೆಯ ವಾರ, ಮನೆ ಮನೆಯಾಗಿರುತ್ತಿರಲಿಲ್ಲ. ಹೊರೆಗಟ್ಟಲೆ ಸೊಪ್ಪು ತಂದು ಸುರಿದರೂ ನೋಡುನೋಡುತ್ತಿದ್ದಂತೆ ದಂಟು ಮಾತ್ರ ಉಳಿಯುತ್ತಿತ್ತು. ನಾವು ಬೆಳಿಗ್ಗೆ ಮಾಡಿದ ಮುದ್ದೆಯನ್ನೇ ಸಂಜೆ ತಣ್ಣಗೆ ಉಣ್ಣುತ್ತಿದ್ದೆವು, ಹುಚ್ಚೆಳ್ಳಿನ ಚಟ್ನಿ ನೆಂಚಿಕೊಂಡು. ಬೀದಿ ಕೊಳಾಯಿಯಲ್ಲಿ ನೀರು ಬಿಡುವ ಹೊತ್ತೂ ಸೊಪ್ಪು ಕೊಯ್ಯುವ ಹೊತ್ತೂ ಒಂದೇ. ಬಿಂದಿಗೆ ಸಾಲಿನಲ್ಲಿ ಒಬ್ಬರು ನಿಂತರೆ ಒಂದು ಹೊರೆ ಸೊಪ್ಪು ಕಡಿಮೆಯಾಗುತ್ತದೆ. ಆ ವಾರದ ಮೊದಲ ದಿನವೇ ಅಜ್ಜಿ ಅಮ್ಮನಿಗೆ ಹೇಳಿದ್ದಳು:

"ಕೊಳಾಯಿ ತಾವ ಹೊತ್ತು ಕಳೀಬ್ಯಾಡ ಜಯ. ತೋಟದ ತೊಟ್ಟಿ ನೀರೇ ತಗಂಬಾ. ಬಟ್ಟೇಲಿ ಸೋಸ್ಕಂಡ್ರೆ ಆಯ್ತು."

"ಕುರಿಗಳು ಬಾಯಿ ಹಾಕ್ತವೆ ಅತ್ತೆ."

"ಹಾಕುದ್ರೆ? ನಿಮ್ಮಪ್ಪನ ಮನೇಲಿ ಕುರೀನೂ ಮನುಸ್ರೂ ಒಂದೇ ಕಡೆ ಕುಡೀತಿರ್ಲಿಲ್ವಾ? ಹುಳಕ್ಕೆ ಮೊದ್ಲು ಸೊಪ್ಪು ನೋಡು."

ಅಮ್ಮ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಕಡೆಯವಳು. ರಾಗಿ, ಕುರಿ ಕಂಡು ಬೆಳೆದವಳು, ಮದುವೆಗೆ ಮೊದಲು ಹುಳ ಮುಟ್ಟಿದವಳಲ್ಲ. ಮೈಮೇಲೆ ಹುಳ ಹತ್ತಿತೆಂದು ಹೊಸದರಲ್ಲಿ ಒಮ್ಮೆ ಕಿರುಚಿಕೊಂಡಿದ್ದಳಂತೆ. ಆ ಕಿರುಚು ನಮ್ಮ ಮನೆಯಲ್ಲಿ ಹಳೆಯದಾಗಲೇ ಇಲ್ಲ. ಅವಳು ಏನಾದರೂ ಎದುರು ಹೇಳಿದರೆ ಅಜ್ಜಿ ನಗುತ್ತಲೇ, "ಹುಳ ಕಂಡು ಹೆದ್ರೋಳು ನೀನು, ನಂಗೇಳ್ಕೊಡ್ತೀಯ?" ಎನ್ನುತ್ತಿದ್ದಳು. ಅಮ್ಮನೂ ನಗುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಸಲವೂ ಮುಗಿಯಿತು. ಅಮ್ಮ ತೊಟ್ಟಿಯಿಂದ ನೀರು ತಂದು ಗುಡಾಣಕ್ಕೆ ಸುರಿದಳು.

ಅಜ್ಜಿ ಚರ್ಮ ಎತ್ತಿ ನೋಡಿದ ದಿನದ ಹೊತ್ತಿಗೆ ಚಿನ್ನಿ ಆಟ ಬಿಟ್ಟಿದ್ದಳು. ನೀರು ನೀರಾಗಿ ಹೋಗಿ ಹೋಗಿ, ಒಂದೆರಡು ಸಲ ವಾಂತಿಯೂ ಆಗಿ, ಕಣ್ಣು ಒಳಕ್ಕೆ ಸರಿದಿದ್ದವು. ಚೊಂಬು ಕಂಡರೆ ಎರಡೂ ಕೈ ಚಾಚುತ್ತಿದ್ದಳು. ಅಮ್ಮ ಚೊಂಬು ಎತ್ತಿಕೊಂಡಳು. ಅಜ್ಜಿ ಅವಳ ಮುಂಗೈ ಹಿಡಿದಳು.

"ಬ್ಯಾಡ ಅಂದೆ."

"ಬಾಯಾರ್ಕೆ ಅತ್ತೆ. ನೋಡಿ ಹೆಂಗೆ ಕೈ ನೀಡ್ತಾಳೆ."

"ಒದ್ದೆ ಸೊಪ್ಪು ಹಾಕಿದ ಹುಳಕ್ಕೆ ಇನ್ನೊಸಿ ನೀರು ಚುಮುಕಿಸ್ತೀಯ? ಕೊಟ್ಟಿದ್ದೆಲ್ಲ ಕೆಳಕ್ಕೋಯ್ತದೆ, ಜೊತೇಲಿ ಜೀವಾನೂ ಎಳ್ಕಂಡೋಯ್ತದೆ. ಮೊಲೆಯೂ ಬ್ಯಾಡ. ನಿನ್ ಹಾಲು ಕೆಟ್ಟೈತೆ."

"ಮಗು ಅತ್ತೆ, ಹುಳ ಅಲ್ಲ."

ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಲಿಲ್ಲ. ಅಮ್ಮನ ಕೈ ಬಿಟ್ಟು, ಗೋಡೆಗೆ ಒರಗಿ ಕೂತಳು.

"ನಂಗೂ ಒಬ್ಬ ಇದ್ದ ಕಣೆ. ನಿನ್ ಗಂಡನಿಗಿಂತ ದೊಡ್ಡೋನು. ನೀರು ನೀರು ಅಂದ. ಕೇಳ್ದಾಗೆಲ್ಲ ಕೊಟ್ಟೆ, ಒಂದ್ ಸಲಾನೂ ಇಲ್ಲ ಅನ್ಲಿಲ್ಲ. ಉಳೀತಾ?"

ಆ ಮಗನ ಸುದ್ದಿ ನನಗೆ ಹೊಸದು. ಅಮ್ಮನಿಗೂ ಹೊಸದಿರಬೇಕು. ಅವಳು ಚೊಂಬನ್ನು ನೆಲಕ್ಕಿಟ್ಟಳು. ಇಂದು, ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ, ಅಜ್ಜಿಯ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ: ಕೆಲವು ಭೇದಿಗಳಲ್ಲಿ ನೀರಿನ ಜೊತೆ ಉಪ್ಪೂ ಮೈಬಿಟ್ಟು ಹೋಗುತ್ತದೆ. ಬರೀ ನೀರು ಕುಡಿಸಿದರೆ ಸಾಲದು, ಉಪ್ಪು ಸಕ್ಕರೆ ಅಳತೆಯಲ್ಲಿ ಬೆರೆಸಿದ ನೀರು ಬೇಕು. ತೀರಾ ಬತ್ತಿಹೋದ ಮೇಲೆ ಅದೂ ಸಾಲದು, ರಕ್ತನಾಳಕ್ಕೇ ಕೊಡಬೇಕು. ಅಜ್ಜಿ ಕಂಡದ್ದರಲ್ಲಿ ತಪ್ಪಿರಲಿಲ್ಲ. ಮಗ ನೀರು ಕುಡಿದದ್ದೂ ನಿಜ, ಸತ್ತದ್ದೂ ನಿಜ. ಎರಡನ್ನೂ ಕಟ್ಟಿದ ಗಂಟು ಮಾತ್ರ ತಪ್ಪು. ಆದರೆ ಆ ಉತ್ತರ ಆ ದಿನ ಆ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ.

ಅಂದು ಬೆಳಿಗ್ಗೆಯೆಲ್ಲ ಅಮ್ಮ ಸೊಪ್ಪಿನ ಕೋಣೆಗೆ ಹೋಗುವ ನೆವದಲ್ಲಿ ಚಿನ್ನಿಯನ್ನು ಎತ್ತಿಕೊಂಡು ಹೋಗಿ, ಹೊರೆಗಳ ಹಿಂದೆ ಕೂತು ಮೊಲೆ ಕೊಟ್ಟಳು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಚಿನ್ನಿಗೆ ಚೀಪುವ ಶಕ್ತಿಯೂ ಇರಲಿಲ್ಲ. ಓಣಿಯ ಚಾಪೆಯ ಮೇಲೆ ಮಲಗಿ ಅಳುತ್ತಿದ್ದಳು. ಅಳುವೂ ಬೆಕ್ಕಿನ ಮರಿಯದಷ್ಟೇ. ಒರೆಸೋಣವೆಂದು ಲಂಗದ ಅಂಚು ಹಿಡಿದು ಬಗ್ಗಿದವಳಿಗೆ ಅವಳ ಕೆನ್ನೆ ಒಣಗಿರುವುದು ಕಂಡಿತು.

"ಅಮ್ಮ, ಚಿನ್ನಿ ಅಳ್ತಾವ್ಳೆ, ಕಣ್ಣೀರೇ ಬರ್ತಿಲ್ಲ."

ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಇತ್ತ ತಿರುಗಿದಳು.

"ಬೆಳಗಿಂದ ಉಚ್ಚೇನೂ ಹೊಯ್ದಿಲ್ಲ. ಒಣಗ್ತಾ ಅವ್ಳೆ. ಒಳ್ಳೇದೇ ಆಯ್ತು ಬುಡು, ಇನ್ ನಿಲ್ತದೆ."

ಅವಳ ದನಿಯಲ್ಲಿ ನೆಮ್ಮದಿಯಿತ್ತು. ನಾನು ಇವತ್ತಿಗೂ ಹೆದರುವುದು ಆ ನೆಮ್ಮದಿಗೆ. ಅಮ್ಮ ಬಂದು ಚಿನ್ನಿಯ ಬಾಯೊಳಗೆ ಬೆರಳಿಟ್ಟು ನೋಡಿದಳು. ಬೆರಳು ನಾಲಿಗೆಗೆ ಅಂಟಿಕೊಂಡಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು, ಹಟ್ಟಿಯಲ್ಲಿ ಹೊರೆ ಇಳಿಸುತ್ತಿದ್ದ ಅಪ್ಪನಿಗೆ ಗಾಡಿ ತೆಗೀರಿ ಅಂದಳು. ಅಪ್ಪ ಅಜ್ಜಿಯ ಮುಖ ನೋಡಿದ.

"ಹುಳ ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ತವೆ," ಅಜ್ಜಿ ಅಂದಳು. "ಇಬ್ರೂ ಹೊಂಟ್ರೆ ಸೊಪ್ಪು ಹಾಕೋರ್ಯಾರು?"

"ನೀವಿದ್ದೀರಲ್ಲ ಅತ್ತೆ," ಅಮ್ಮ ಅಂದಳು. ಅಪ್ಪನ ಕಡೆ ತಿರುಗಿ, "ನೀವು ಬರ್ದಿದ್ರೆ ನಡ್ಕಂಡೋಯ್ತೀನಿ," ಅಂದಳು.

ಅಪ್ಪ ಮೊಪೆಡ್ ತೆಗೆದ. ನನ್ನನ್ನು ಯಾರೂ ಕರೆಯಲಿಲ್ಲ. ಬ್ಯಾಡ ಎಂದೂ ಹೇಳಲಿಲ್ಲ. ಸೊಪ್ಪಿನ ಹೊರೆ ಇಡುವ ಮುಂದಿನ ಜಾಗದಲ್ಲಿ ಕೂತೆ. ಚನ್ನಪಟ್ಟಣದ ಆಸ್ಪತ್ರೆ ಸೇರುವವರೆಗೂ ಹಿಂದಿನಿಂದ ಅಮ್ಮ ಚಿನ್ನೀ, ಚಿನ್ನೀ ಎಂದು ಕರೆಯುತ್ತಲೇ ಇದ್ದಳು. ಚಿನ್ನಿ ಒಮ್ಮೊಮ್ಮೆ ಓ ಎನ್ನುತ್ತಿದ್ದಳು.

ಡಾಕ್ಟರು ಹೆಂಗಸು, ದಪ್ಪ ಕನ್ನಡಕ, ಮುಖದಲ್ಲಿ ಆಯಾಸ. ಮಾತಾಡುವ ಮೊದಲೇ ಅಂಗಿ ಎತ್ತಿ ಚಿನ್ನಿಯ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಅಜ್ಜಿ ಹಿಡಿದ ಅದೇ ಜಾಗ. ಚರ್ಮ ಹಾಗೇ ನಿಂತಿತು.

"ಪೂರ್ತಿ ಒಣಗಿಹೋಗಿದೆ ಮಗು," ಅಂದರು. ನರ್ಸಿಗೆ ಏನೋ ಕೂಗಿ ಹೇಳಿ ನಮ್ಮ ಕಡೆ ತಿರುಗಿದರು. "ಯಾವಾಗಿಂದ?"

"ಹಲ್ಲು ಬರ್ತಿತ್ತು ಮೇಡಂ," ಅಪ್ಪ ಶುರು ಮಾಡಿದ. "ಆಮೇಲೆ ಒಸಿ ದೃಷ್ಟಿನೂ ಆಗಿತ್ತು. ಈಗ ತಾಯಿ ಹಾಲು..."

"ಯಾಕಾಯ್ತು ಅಂತ ಕೇಳ್ಲಿಲ್ಲಪ್ಪ ನಾನು. ಏನಾಯ್ತು ಹೇಳಿ. ನೀರಾಗಿ ಹೋಗ್ತಾಳಾ, ಗಟ್ಟಿಯಾಗಾ? ರಕ್ತ ಇತ್ತಾ? ಅಕ್ಕಿ ತೊಳೆದ ನೀರಿನ ಥರ ಇತ್ತಾ? ಕೊನೇಲಿ ಯಾವಾಗ ಉಚ್ಚೆ ಮಾಡಿದ್ದು?"

ಅಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು: ನೀರಾಗಿ, ಹಳದಿ ಬಣ್ಣ, ರಕ್ತ ಇಲ್ಲ, ಉಚ್ಚೆ ನಿನ್ನೆ ಸಂಜೆ. ನನಗೆ ಆ ಪ್ರಶ್ನೆಗಳು ಪರಿಚಿತ ಅನ್ನಿಸಿದವು. ಅಜ್ಜಿ ತಟ್ಟೆಯ ಮೇಲೆ ಬಗ್ಗಿ ಕೇಳುತ್ತಿದ್ದಂಥವೇ. ಹುಳದ ವಿಷಯದಲ್ಲಿ ಅವಳು ಯಾರ ಹುಳ ಎಂದು ನೋಡಿ ರೋಗ ಹೇಳಿದ್ದೇ ಇಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಆಗಿದ್ಯಾ?"

"ಯಾರ್ಗೂ ಇಲ್ಲ ಮೇಡಂ. ನಂಗೊಸಿ ಆಗಿತ್ತು, ಅದು ಹೋಟ್ಲು ಪರೋಟ."

"ನಂಗೂ ಆಗ್ತೈತೆ," ಅಮ್ಮ ಅಂದಳು. "ಇವಳಿಗಿಂತ ಮೊದಲಿಂದ."

ಅಪ್ಪ ಅವಳನ್ನು ನೋಡಿದ. "ಹೇಳ್ಬಾರ್ದಾ?"

ಅಮ್ಮ ಚಿನ್ನಿಯ ಅಂಗಿ ಕೆಳಗೆಳೆದಳು. ಹೇಳಿದ್ದರೆ ಹಾಲು ಕೆಟ್ಟಿದ್ದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು; ಮೊಲೆ ಬಿಡಿಸುತ್ತಿದ್ದರು. ಇದು ಅಪ್ಪನಿಗೆ ತಿಳಿಯಲಿಲ್ಲ. ಡಾಕ್ಟರಿಗೆ ತಿಳಿಯಿತೋ ಏನೋ, ಅವರು ಆ ಮಾತು ಬೆಳೆಸದೆ, ಕುಡಿಯುವ ನೀರು ಎಲ್ಲಿಯದು ಎಂದು ಕೇಳಿದರು.

"ತೋಟದ ತೊಟ್ಟೀದು. ಕುರಿನೂ ಕುಡೀತವೆ." ಅಮ್ಮ ಸ್ವಲ್ಪ ತಡೆದು, "ನಾನೇ ತಂದದ್ದು," ಅಂದಳು.

ನಾನು ತಲೆಯೆತ್ತಿದೆ. ಅಮ್ಮ ನನ್ನ ಕಡೆ ನೋಡಲಿಲ್ಲ.

"ಮೂರು ಜನಕ್ಕೂ ಒಂದೇ ಮೂಲ ಇರ್ಬೇಕು. ಆ ನೀರೇ ಅನ್ಸುತ್ತೆ, ಇನ್ಮೇಲೆ ಕುದಿಸಿ ಕುಡೀರಿ," ಡಾಕ್ಟರು ಅಂದರು. "ಯಾವ ಕ್ರಿಮಿ ಅಂತ ಆಮೇಲೆ ನೋಡೋಣ. ಮೊದಲು ಇವಳಿಗೆ ನೀರು ತುಂಬ್ಬೇಕು. ಕುಡಿಯೋ ಹಾಗಾದ ತಕ್ಷಣ ಹಾಲು ಕೊಡಮ್ಮ, ನಿಲ್ಲಿಸ್ಬೇಡ. ನಿನ್ನ ಹಾಲಿಗೇನೂ ಆಗಿಲ್ಲ."

ಚಿನ್ನಿಯ ಕೈಯಲ್ಲಿ ನಾಳ ಸಿಗಲಿಲ್ಲ, ಕಾಲಲ್ಲೂ ಸಿಗಲಿಲ್ಲ. ಸೂಜಿ ಚುಚ್ಚಿದಾಗ ಅವಳು ಅಳಲಿಲ್ಲ. ಅಪ್ಪ ಹೊರಗೆ ಹೋಗಿ ಕಂಬಕ್ಕೆ ಒರಗಿ ನಿಂತುಬಿಟ್ಟ. ಕೊನೆಗೆ ತಲೆಯ ಒಂದು ಬದಿ ಬೋಳಿಸಿ ಅಲ್ಲಿ ಹಾಕಿದರು. ಬಾಟಲಿಯಿಂದ ಇಳಿಯುವ ಹನಿ ನೋಡುತ್ತ ನಾವು ಕೂತೆವು. ನರ್ಸು ಉಪ್ಪು ಸಕ್ಕರೆಯ ಪುಡಿ ಕದಡಿದ ನೀರನ್ನು ಲೋಟದಲ್ಲಿ ಕೊಟ್ಟು ಅಮ್ಮನಿಗೂ ಕುಡಿಯಲು ಹೇಳಿದಳು. ಅಮ್ಮ ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು. ಅವಳಿಗೆ ಅಷ್ಟು ಬಾಯಾರಿದ್ದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಚಿನ್ನಿ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತಿಗೆ ಅಮ್ಮನ ಮಡಿಲಲ್ಲೇ ಉಚ್ಚೆ ಹೊಯ್ದಳು. ಸೀರೆಯೆಲ್ಲ ಒದ್ದೆಯಾಯಿತು. ಅಮ್ಮ ಮೇಲೇಳಲಿಲ್ಲ, ಒರೆಸಿಕೊಳ್ಳಲಿಲ್ಲ. ಹೊಯ್ದಳು ನೋಡೆ, ಹೊಯ್ದಳು ಎಂದು ನನಗೆ ಹೇಳಿ, ಅಳುತ್ತ ನಕ್ಕಳು.

ಇಂದು ವಾರ್ಡಿನಲ್ಲಿ ಕಿರಿಯರಿಗೆ ಹೇಳಿಕೊಡುವಾಗ ನಾನು ಈ ಕತೆ ಹೇಳುವುದಿಲ್ಲ. ಭೇದಿಯಲ್ಲಿ ರಕ್ತ ಕಂಡರೆ ಒಂದು ದಾರಿ. ವಾರಗಟ್ಟಲೆ ನಿಲ್ಲದಿದ್ದರೆ ಇನ್ನೊಂದು. ಬೇರೆ ಕಾಯಿಲೆಗೆ ಮಾತ್ರೆ ನುಂಗಿದ ಮೇಲೆ ಶುರುವಾದದ್ದು, ಹಾಲು ಒಗ್ಗದೆ ಆದದ್ದು, ಹೊಲಕ್ಕೆ ಹೊಡೆಯುವ ಔಷಧಿ ಮೈಗೆ ಸೇರಿ ಆದದ್ದು, ಒಂದೊಂದಕ್ಕೂ ಅದರದೇ ಗುರುತುಗಳಿವೆ ಎಂದಷ್ಟೇ ಹೇಳುತ್ತೇನೆ. ಕಾರಣ ಹುಡುಕುವ ಮೊದಲು ಮಗು ಎಷ್ಟು ಒಣಗಿದೆ ನೋಡಿ ಅನ್ನುತ್ತೇನೆ. ಮತ್ತೆ, ಮನೆಯಲ್ಲಿ ಬೇರೆ ಯಾರಿಗಾಗಿದೆ ಎಂದು ತಾಯಿಯನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದು ಕೇಳಿ ಅನ್ನುತ್ತೇನೆ. ಯಾಕೆ ಒಬ್ಬಳನ್ನೇ ಎಂದು ಅವರು ಕೇಳಿದರೆ, ರೂಢಿ ಅನ್ನುತ್ತೇನೆ.

ಆ ದಿನ ಅಮ್ಮ, ಚಿನ್ನಿ ಆಸ್ಪತ್ರೆಯಲ್ಲೇ ಉಳಿದರು. ದೀಪ ಹಚ್ಚುವ ಹೊತ್ತಿಗೆ ನಾನೂ ಅಪ್ಪನೂ ಮನೆಗೆ ಬಂದಾಗ ಅಜ್ಜಿ ಹುಳದ ಮನೆಯಿಂದ ಓಡಿಬಂದಳು. ಕೈಯಲ್ಲಿ ಸೊಪ್ಪು ಹಾಗೇ ಇತ್ತು.

"ಕೂಸು?"

"ಅವ್ಳೆ. ಚೆನ್ನಾಗವ್ಳೆ," ಅಪ್ಪ ಅಂದ. "ಮೈಲಿ ನೀರೇ ಇರ್ಲಿಲ್ಲವಂತೆ ಅವ್ವ. ನೀರು ಹಾಕುದ್ಮೇಲೆ ಕಣ್ಬುಟ್ಳು."

ಅಜ್ಜಿ ಜಗುಲಿಯ ಮೇಲೆ ಕೂತಳು. ಬಹಳ ಹೊತ್ತು ಸೊಪ್ಪಿನ ತೊಟ್ಟು ತಿರುಗಿಸುತ್ತ ಇದ್ದಳು. ಆ ಹೊತ್ತಿನಲ್ಲಿ ಅವಳು ಯಾರನ್ನು ನೆನೆಯುತ್ತಿದ್ದಳು ಎಂದು ನನಗೆ ಈಗ ಗೊತ್ತು. ಆಗ ಗೊತ್ತಾಗಲಿಲ್ಲ.

"ಎಲ್ಲಿಂದ ಬಂತಂತೆ?"

"ತೊಟ್ಟಿ ನೀರಿಂದ ಅನ್ಸುತ್ತಂತೆ. ಜಯಾನೇ ತಂದದ್ದಂತೆ."

ಅಜ್ಜಿ ಕೈಯಲ್ಲಿದ್ದ ಸೊಪ್ಪನ್ನು ನೋಡಿಕೊಂಡಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಅಂದಳು:

"ಕುರಿ ಬಾಯಾಕ್ತವೆ ಬ್ಯಾಡ ಅಂದಿದ್ದೆ ನಾನು."

ಅಪ್ಪ ಹೂಂಗುಟ್ಟಿ ಒಳಗೆ ಹೋದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಬ್ಯಾಡ ಅಂದವಳು ಅಮ್ಮ, ತಾ ಅಂದವಳು ಅಜ್ಜಿ. ಒಂದೇ ದಿನದಲ್ಲಿ ಅಮ್ಮನ ಮಾತು ಅಜ್ಜಿಯದಾಗಿತ್ತು, ಅಜ್ಜಿಯ ಮಾತು ಅಮ್ಮನದಾಗಿತ್ತು. ಇನ್ನು ಮುಂದೆ ಮನೆಯಲ್ಲಿ ಆ ಕಾಯಿಲೆಗೆ ಹೆಸರೂ ಸಿಕ್ಕಿತ್ತು: ಜಯ ತಂದ ನೀರಿನ ಭೇದಿ. ಇದು ಸುಳ್ಳು ಎಂದು ಹೇಳಬಲ್ಲವಳು ಅಮ್ಮನನ್ನು ಬಿಟ್ಟರೆ ನಾನೊಬ್ಬಳೇ, ಅಮ್ಮ ಹೇಳುವುದಿಲ್ಲ ಎಂದೂ ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಹಟ್ಟಿಯಿಂದ ಕೂಗಿದಳು. "ಬಾರೆ ಮಗ, ಸೊಪ್ಪಿಗೆ ಹೊತ್ತಾಯ್ತು." ನಾನು ಅಡುಗೆಮನೆಯಲ್ಲಿದ್ದೆ. ಗುಡಾಣ ಎತ್ತಲು ಆಗದೆ, ಅದರ ನೀರನ್ನು ಚೊಂಬು ಚೊಂಬಾಗಿ ಮೊಗೆದು ಹಿತ್ತಿಲಿಗೆ ಸುರಿದೆ. ಹಗುರಾದ ಮೇಲೆ ಬಾಗಿಲವರೆಗೆ ಎಳೆದು ತಂದು ಬೋರಲು ಹಾಕಿದೆ. ಅಜ್ಜಿ ಬುಟ್ಟಿ ಹಿಡಿದು ಬಂದು ನಿಂತಳು.

"ಏನ್ಮಾಡ್ತಿದ್ದೀಯೆ?"

"ನೀನು ತಾ ಅಂದಿದ್ದ ನೀರು, ಅಜ್ಜಿ. ಚೆಲ್ಲಿದೆ. ಕೊಳಾಯಿಗೆ ಹೋಗ್ತೀನಿ."

ಮೊಪೆಡ್ ಒರೆಸುತ್ತಿದ್ದ ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಅಜ್ಜಿ ಬುಟ್ಟಿ ತೆಗೆದುಕೊಂಡು ಒಬ್ಬಳೇ ತೋಟಕ್ಕೆ ಹೋದಳು. ನಾನು ಚಿಕ್ಕ ಬಿಂದಿಗೆ ಹಿಡಿದು ಕೊಳಾಯಿಯ ಸಾಲಿನಲ್ಲಿ ನಿಂತೆ. ತುಂಬಿಸಿಕೊಂಡು ಬಂದು, ದೊಡ್ಡ ಪಾತ್ರೆಗೆ ಸುರಿದು, ಒಲೆ ಹೊತ್ತಿಸಿ ಮೇಲಿಟ್ಟೆ. ಅಜ್ಜಿ ಹೊರೆ ಇಳಿಸಿ ಅಡುಗೆಮನೆಗೆ ಬಂದಳು. ಬೆವರಿದ್ದಳು. ತುಟಿ ಒಣಗಿತ್ತು.

"ಒಸಿ ನೀರು ಕೊಡು ಮಗ."

"ಇನ್ನೂ ಕುದ್ದಿಲ್ಲ ಅಜ್ಜಿ. ಒಸಿ ತಡಿ."

ಅವಳು ಗೋಡೆಗೆ ಒರಗಿ ಕೂತಳು. ನಾನು ಒಲೆಗೆ ಕಡ್ಡಿ ತಳ್ಳುತ್ತ, ನೀರು ಕುದಿಯುವುದನ್ನೇ ನೋಡುತ್ತ ಕೂತೆ.